ಸುಣ್ಣದ ಮನೆಯ ಒಂಟೆ

ನಂಜಕ್ಕನ ಹತ್ತಿರ ಚದುರಂಗ ಕಲಿಯಲು ಬಂದವರು ಮೊದಲ ಮೂರು ತಿಂಗಳು ಕಾಯಿ ಮುಟ್ಟುವಂತಿರಲಿಲ್ಲ. ಸುಣ್ಣ ಬಳಿಯಬೇಕಿತ್ತು.

ಹೊಳೆಯ ಮೆಟ್ಟಿಲ ಮೇಲೊಂದು ಮಂಟಪ. ಮಂಟಪದ ನಡುವೆ ಹಾಸುಗಲ್ಲು. ಅದರ ಮೇಲೆ ಯಾರೋ ಯಾವ ಕಾಲದಲ್ಲೋ ಕೆತ್ತಿಟ್ಟ ಅರವತ್ತನಾಲ್ಕು ಮನೆ. ಮೂವತ್ತೆರಡಕ್ಕೆ ಸುಣ್ಣ, ಉಳಿದ ಮೂವತ್ತೆರಡು ಬರಿಯ ಕರಿ ಕಲ್ಲು. ಪ್ರತಿ ಭಾನುವಾರ ಕಲ್ಲು ತೊಳೆದು, ಬೆರಳಿನಿಂದ ಸುಣ್ಣ ಬಳಿದು, ಅದು ಒಣಗುವವರೆಗೆ ಕಾದು ಮನೆಗೆ ಹೋಗಬೇಕು. ಪಾಠ ಅಷ್ಟೇ.

ಬಹಳ ಜನ ಎರಡನೇ ಭಾನುವಾರ ಬರುತ್ತಿರಲಿಲ್ಲ.

ಇಂದ್ರಾಣಿ ಬಂದಳು. ತಾಲ್ಲೂಕು ಬಸ್ ನಿಲ್ದಾಣದ ಎದುರು ಅವಳದೊಂದು ಜೆರಾಕ್ಸ್ ಅಂಗಡಿ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಗಿರಾಕಿಯೊಬ್ಬರು ಮರೆತು ಹೋದ ಹಳೆಯ ಪುಸ್ತಕ ಓದಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ತಾನೇ ಕಲಿತವಳು. ಯಾರಿಗೂ ಕೈಮುಗಿದು ಕಲಿತದ್ದಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಕೈಮುಗಿಯಬೇಕೆಂದು ಮೊದಲ ಸಲ ಅನಿಸಿದ್ದು ನಂಜಕ್ಕನನ್ನು ನೋಡಿದಾಗ.

ಹನ್ನೊಂದನೇ ಭಾನುವಾರ ಅವಳು ಕೇಳಿಯೇ ಬಿಟ್ಟಳು.

"ಅಮ್ಮ, ಈ ಸುಣ್ಣ ಯಾಕೆ?"

"ಕಣ್ಣು ಮುಚ್ಚು," ಎಂದರು ನಂಜಕ್ಕ. "ಜ ಸಾಲಿನ ನಾಲ್ಕನೇ ಮನೆ. ಸುಣ್ಣವೋ ಕಲ್ಲೋ?"

"ಸುಣ್ಣ."

"ಯೋಚನೆ ಮಾಡಿದ್ಯಾ?"

"ಇಲ್ಲ."

"ಮತ್ತೆ ಯಾರು ಹೇಳಿದ್ರು?"

ಇಂದ್ರಾಣಿ ಕಣ್ಣು ಬಿಟ್ಟು ತನ್ನ ಬಿಳಿ ಬೆರಳನ್ನು ನೋಡಿಕೊಂಡಳು.

"ಮುಂದಿನ ವಾರ ಕಾಯಿ ತೊಳಿ," ಎಂದರು ನಂಜಕ್ಕ.

ಕಾಯಿಗಳು ಹಳೆಯವು. ನಂಜಕ್ಕನ ಕಡೆಯವು ಹಲಸಿನ ಮರದ ಹಳದಿ ಕಾಯಿಗಳು, ಎದುರಿನವು ಬೀಟೆಯ ಕರಿ ಕಾಯಿಗಳು. ಎಲ್ಲದರ ಬುಡಕ್ಕೂ ಸುಣ್ಣ ಮೆತ್ತಿತ್ತು. ಕಲ್ಲಿನ ಮನೆಯ ಒಂಟೆಗಳಿಗೆ ಮಾತ್ರ ಮೆತ್ತಿರಬಾರದು. ಒಂಟೆ ಓರೆಯಾಗಿ ನಡೆಯುವ ಕಾಯಿ. ಕಲ್ಲಿನ ಮನೆಯಲ್ಲಿ ಹೊರಟ ಒಂಟೆ ಆಟ ಮುಗಿಯುವವರೆಗೂ ಕಲ್ಲಿನ ಮನೆಗಳಲ್ಲೇ ಇರುತ್ತದೆ. ಸುಣ್ಣ ಅದಕ್ಕೆ ಸೋಕುವುದೇ ಇಲ್ಲ. ಬೀಟೆಯ ಒಂಟೆಯ ಬುಡ ಹಾಗೇ ಚೊಕ್ಕವಾಗಿತ್ತು.

ಹಲಸಿನ ಒಂಟೆಯ ಬುಡದಲ್ಲಿ ಒಂದು ಬಿಳಿ ಉಂಗುರವಿತ್ತು.

ಇಂದ್ರಾಣಿ ಅದನ್ನು ನೀರಿಗೆ ಹಿಡಿದಳು.

"ಅದೊಂದು ತೊಳೀಬೇಡ."

"ಯಾಕಮ್ಮ?"

"ಹೇಳಿದ್ದು ಮಾಡು. ಬಾಯಿಗಿಂತ ಕೈ ಮುಂದಿರಲಿ."

ಇಂದ್ರಾಣಿ ಅದನ್ನು ಒರೆಸಿ ಅದರ ಮನೆಯಲ್ಲಿಟ್ಟಳು.

*

ಒಂದು ದಿನ ನಂಜಕ್ಕ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ತಂದು ಅವಳ ತೊಡೆಯ ಮೇಲಿಟ್ಟರು. ಒಳಗೆ ಆಟಗಳಿದ್ದವು. ಅರವತ್ತೆರಡು ಆಟ, ನಡೆ ನಡೆಯಾಗಿ, ನಂಜಕ್ಕನ ಗುಂಡು ಅಕ್ಷರದಲ್ಲಿ.

"ಯಾರ ಜೊತೆ ಆಡಿದ್ದು?"

"ಜವರಯ್ಯ. ಹರಿಗೋಲು ಹಾಕ್ತಿದ್ದ, ಇಲ್ಲಿಂದ ಆ ದಡಕ್ಕೆ."

"ಚೆನ್ನಾಗಿ ಆಡ್ತಿದ್ರಾ?"

"ಓದೋಕೆ ಬರ್ತಿರಲಿಲ್ಲ. ಆಡೋಕೆ ಬರ್ತಿತ್ತು. ಒಂದು ಸಲ ದಾಟಿದ್ರೆ ಒಂದು ನಡೆ. ಈ ದಡಕ್ಕೆ ಬಂದವನು ಮೆಟ್ಟಿಲು ಹತ್ತಿ ಬಂದು, ನೋಡಿ, ಒಂದು ಕಾಯಿ ನಡೆಸಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗ್ತಿದ್ದ. ಅವನು ಆ ದಡಕ್ಕೆ ಹೋಗಿ ಬರೋ ಅಷ್ಟರಲ್ಲಿ ನನ್ನ ನಡೆ."

"ಹಾಗಾದ್ರೆ ಒಂದಾಟಕ್ಕೆ ಹದಿನೈದು ದಿನ?"

"ಹೊಳೆ ತುಂಬಿದ್ರೆ ಎರಡು ತಿಂಗಳು."

ಪುಸ್ತಕದ ಅಂಚುಗಳು ಪುಡಿಯಾಗುತ್ತಿದ್ದವು. ಇಂದ್ರಾಣಿ ಹಾಳೆಗಳನ್ನು ಉಸಿರು ಬಿಗಿಹಿಡಿದು ತಿರುವಿದಳು.

"ಅಮ್ಮ, ಇದನ್ನ ನಾನು ಕಂಪ್ಯೂಟರಿಗೆ ಹಾಕ್ತೀನಿ. ಬರಿ ಬರವಣಿಗೆ ಅಲ್ಲ, ಆಟವೇ ಕಾಣೋ ಹಾಗೆ. ಬ್ರೌಸರ್‌ನಲ್ಲಿ ಒಂದು ಪುಟ ತೆರೆದ್ರೆ ಮಣೆ ಕಾಣುತ್ತೆ. ಒಂದು ಗುಂಡಿ ಒತ್ತಿದ್ರೆ ಒಂದು ನಡೆ. ಯಾರು ಬೇಕಾದ್ರೂ ಯಾವ ಊರಲ್ಲಿ ಕೂತು ಬೇಕಾದ್ರೂ ನೋಡಬಹುದು."

"ಹೊಟ್ಟೆಪಾಡಿಗಾ?"

"ಇಲ್ಲಮ್ಮ. ಸುಮ್ಮನೆ. ಮಾಡಬೇಕು ಅನ್ನಿಸ್ತು."

"ಸುಮ್ಮನೆ ಮಾಡೋ ಕೆಲಸಕ್ಕೆ ಸುಳ್ಳು ಹೇಳೋ ಅಗತ್ಯ ಇರಲ್ಲ. ಮಾಡು."

*

ಇಂದ್ರಾಣಿ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದಳು. ಎಡಕ್ಕೆ ಮಣೆ, ಬಲಕ್ಕೆ ನಡೆಗಳ ಪಟ್ಟಿ, ಕೆಳಗೆ ಎರಡು ಗುಂಡಿ: ಹಿಂದೆ, ಮುಂದೆ. ಯಾವ ಕಾಯಿ ಹೇಗೆ ನಡೆಯುತ್ತದೆ ಎಂದು ಒಂದೊಂದನ್ನೂ ಕಂಪ್ಯೂಟರಿಗೆ ತಾನೇ ಕಲಿಸಿದಳು. ಪಕ್ಕದ ಮೊಬೈಲ್ ಅಂಗಡಿಯವನು ಇಣುಕಿ, "ಅಕ್ಕಾ, ಇಂಥದು ಸಾವಿರ ಇದಾವೆ, ಒಂದು ಇಳಿಸಿಕೊಂಡ್ರೆ ಮುಗೀತು," ಎಂದ. "ಊರಲ್ಲಿ ಹೋಟೆಲ್ಲೂ ಬೇಕಾದಷ್ಟಿವೆ. ನಿಮ್ಮಮ್ಮ ಅಡಿಗೆ ಬಿಟ್ಟಿದಾರಾ?" ಎಂದಳು ಇಂದ್ರಾಣಿ. ಅವನು ಮತ್ತೆ ಇಣುಕಲಿಲ್ಲ.

ಮೊದಲ ಆಟವನ್ನು ಮಂಟಪಕ್ಕೆ ತಂದು ತೋರಿಸಿದಾಗ ನಂಜಕ್ಕ ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಕನ್ನಡಕ ಏರಿಸಿದರು.

ಮೂರನೇ ನಡೆಗೆ ಕನ್ನಡಕ ಇಳಿಸಿದರು.

"ಈ ಕುದುರೆಗೆ ಸೊಂಟ ಉಳುಕಿದೆಯೇನೇ? ಒಂದು ಮನೆ ಆಚೆ ಬಿದ್ದಿದೆ."

ನಂಜಕ್ಕ ಸಾಲುಗಳಿಗೆ ಕ, ಖ, ಗ, ಘ ಎಂದು ಹೆಸರಿಟ್ಟು, ಙ ಬಿಟ್ಟು, ಚಕ್ಕೆ ಹೋಗಿದ್ದರು. ಕಂಪ್ಯೂಟರು ಙವನ್ನೂ ಒಂದು ಸಾಲೆಂದು ಎಣಿಸಿಕೊಂಡಿತ್ತು.

"ನನ್ನ ತಪ್ಪಲ್ಲಮ್ಮ. ಇದು ತಾನಾಗಿ ಲೆಕ್ಕ ಹಾಕಿಬಿಡ್ತು."

ನಂಜಕ್ಕ ಬಗ್ಗಿ ಲ್ಯಾಪ್‌ಟಾಪಿನ ಹಿಂದೆ ನೋಡಿದರು. ಕೆಳಗೆ ನೋಡಿದರು. ಸೀರೆಯ ಸೆರಗಿನಿಂದ ಪರದೆ ಒರೆಸಿದರು.

"ಏನು ಹುಡುಕ್ತಿದೀರಿ?"

"ತಪ್ಪು ಮಾಡಿದವರನ್ನ. ನೀನಲ್ಲ ಅಂದ್ಯಲ್ಲ."

ಇಂದ್ರಾಣಿ ನಗು ತಡೆಯಲಾರದೆ, ಅಲ್ಲೇ ಕುಳಿತು ತಿದ್ದಿದಳು.

ಮುಂದಿನ ವಾರ ಹೊಸದೊಂದನ್ನು ಸೇರಿಸಿಕೊಂಡು ಬಂದಳು. ಒಂದು ಗುಂಡಿ ಒತ್ತಿದರೆ ಆಟ ತಾನೇ ಓಡುತ್ತದೆ, ಅರ್ಧ ಸೆಕೆಂಡಿಗೊಂದು ನಡೆ. ನಂಜಕ್ಕ ನೋಡಿದರು. ಹದಿನೈದು ದಿನ ಆಡಿದ ಆಟ ಅರ್ಧ ನಿಮಿಷದಲ್ಲಿ ಮುಗಿಯಿತು.

"ಹೆಂಗಿದೆ?"

"ಬಾ," ಎಂದು ಎದ್ದರು ನಂಜಕ್ಕ.

ಇಬ್ಬರೂ ಕೊನೆಯ ಮೆಟ್ಟಿಲಲ್ಲಿ ಕುಳಿತರು. ಆ ದಡದಲ್ಲಿ ಎಮ್ಮೆಯೊಂದು ನೀರಿಗಿಳಿದು ಈಜತೊಡಗಿತ್ತು. ನಡುಹೊಳೆಯಲ್ಲಿ ಸ್ವಲ್ಪ ಹೊತ್ತು ಹಾಗೇ ತೇಲಿತು. ಬಿಸಿಲು ಇಂದ್ರಾಣಿಯ ಕತ್ತು ಸುಟ್ಟಿತು. ಕೊನೆಗೆ ಎಮ್ಮೆ ಈ ದಡ ಹತ್ತಿ ಮೈ ಕೊಡವಿತು.

"ಒಂದು ನಡೆ ಆಯ್ತು," ಎಂದರು ನಂಜಕ್ಕ.

ತಾನೇ ಓಡುವ ಗುಂಡಿಯನ್ನು ಇಂದ್ರಾಣಿ ಅವತ್ತೇ ತೆಗೆದುಹಾಕಿದಳು.

*

ಪಿತೃಪಕ್ಷ ಶುರುವಾಗುವ ಮೊದಲು ಜವರಯ್ಯನ ಮಗಳು ಚಿಕ್ಕತಾಯಮ್ಮ ಮಂಟಪಕ್ಕೆ ಬಂದಳು. ಅವಳು ವರ್ಷಕ್ಕೊಮ್ಮೆ ಬರುವವಳು, ಅಪ್ಪನ ಎಡೆಗೆ ಕರೆಯಲು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಅಮಾವಾಸ್ಯೆಯ ದಿನ ಎಡೆ ಇಡುವುದು ಅವರ ಮನೆಯ ಪದ್ಧತಿ.

"ಅಕ್ಕೋರೆ, ಈ ಸಲಾನಾದ್ರೂ ಬನ್ನಿ."

"ಕಾಲು ನೋಯ್ತದೆ ಕಣವ್ವ."

"ಮೂವತ್ತೆರಡು ವರ್ಸದಿಂದ ಅದೇ ಕಾಲು ನೋಯ್ತಾ ಅದೆ. ಸೇತುವೆ ಮೇಲೆ ಆಟೋ ಬತ್ತದೆ."

ಸೇತುವೆ ಬಂದ ದಿನದಿಂದ ನಂಜಕ್ಕ ಅದರ ಮೇಲೆ ಕಾಲಿಟ್ಟಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಚಿಕ್ಕತಾಯಮ್ಮ ಲ್ಯಾಪ್‌ಟಾಪ್ ನೋಡಿದಳು. ಇಂದ್ರಾಣಿ ವಿವರಿಸಿದಳು. ಕರಿ ಕಾಯಿ ನಿಮ್ಮಪ್ಪಂದು ಎಂದಳು. ಚಿಕ್ಕತಾಯಮ್ಮ 'ಮುಂದೆ' ಒತ್ತಿದಳು. ಕರಿ ಕುದುರೆಯೊಂದು ಹಾರಿತು.

"ಇದು ನಮ್ಮಪ್ಪ ಮಾಡಿದ್ದಾ?"

"ಹೂಂ. ಅವರ ಕೈಯಿಂದಲೇ."

ಚಿಕ್ಕತಾಯಮ್ಮ ಪರದೆಯ ಮೇಲಿನ ಕುದುರೆಯನ್ನು ಬೆರಳಿನಿಂದ ಸವರಿದಳು.

"ನಮ್ಮಪ್ಪಂದು ಒಂದು ಫೋಟೋನೂ ಇಲ್ಲ ಕಣವ್ವ. ಪ್ರತಿ ವರ್ಸ ಬರೀ ಕಳಸ ಮಡಗಿ ಎಡೆ ಇಕ್ತೀನಿ. ಈ ಸಲ ಇದನ್ನ ಮಡಗ್ತೀನಿ. ಕೊನೆ ಆಟ ಯಾವ್ದು, ಸೇತುವೆ ಬರೋಕ್ ಮುಂಚೆ ಆಡಿದ್ದು, ಅದನ್ನ ಮಾಡಿಕೊಡು."

"ಮಾಡಿಕೊಡ್ತೀನಿ."

"ಅಕ್ಕೋರೆ," ಎಂದು ಚಿಕ್ಕತಾಯಮ್ಮ ನಕ್ಕಳು, "ನಮ್ಮಪ್ಪ ಒಂದಾಟನಾದ್ರೂ ಗೆದ್ದಿದ್ನಾ? ಮನೇಲಿ ಅವ್ವ ಯಾವಾಗ್ಲೂ ಆಡ್ಕೊಳೋಳು, ಹೆಂಗಸಿನ ಹತ್ರ ಸೋಲಕ್ಕೇ ಹೊಳೆ ದಾಟ್ತೀಯ ಅಂತ."

ನಂಜಕ್ಕ ಹೊಳೆಯ ಕಡೆ ತಿರುಗಿದ್ದರು.

"ಪುಸ್ತಕ ಇವಳ ಹತ್ರ ಇದೆ. ನೋಡಿ ಹೇಳ್ತಾಳೆ."

*

ಅರವತ್ತೆರಡರಲ್ಲಿ ಅರವತ್ತೆರಡನ್ನೂ ನಂಜಕ್ಕನೇ ಗೆದ್ದಿದ್ದರು. ಇಂದ್ರಾಣಿಗೆ ಅದು ಹೆಮ್ಮೆಯ ಸಂಗತಿಯಾಗಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಕೊನೆಯ ಆಟವನ್ನು ಹಾಕಿದಾಗ ಪ್ರೋಗ್ರಾಂ ಮೂವತ್ತೊಂದನೇ ನಡೆಗೆ ನಿಂತುಬಿಟ್ಟಿತು. ಪರದೆಯ ಮೇಲೆ ಅವಳೇ ಬರೆದಿಟ್ಟ ಸಾಲು ಮೂಡಿತು: ಈ ನಡೆ ಸಲ್ಲದು.

ಒಂಟೆ, ಘ ನಾಲ್ಕರಿಂದ ಛ ಐದಕ್ಕೆ.

ಕೈತಪ್ಪಿರಬೇಕು ಎಂದುಕೊಂಡಳು. ಐದಲ್ಲ, ಆರು. ಘ ನಾಲ್ಕರಿಂದ ಓರೆಯಲ್ಲಿ ಮುಂದಕ್ಕೆ ಹೋದರೆ ಛ ಆರೇ ಸಿಗುವುದು. ಅವಳು ಐದನ್ನು ಆರು ಮಾಡಿ ನೋಡಿದಳು. ಪ್ರೋಗ್ರಾಂ ಒಪ್ಪಿತು.

ಆದರೆ ಮಣೆ ಒಪ್ಪಲಿಲ್ಲ. ಅಲ್ಲಿ ಜವರಯ್ಯನ ಮಂತ್ರಿ ಸುಣ್ಣದ ಮನೆಗಳ ಓರೆದಾರಿಯ ತುದಿಯಲ್ಲಿ ಕಾದು ನಿಂತಿದ್ದ. ಒಂದೇ ನಡೆ ಸಾಕು. ಇಳಿದು ಬಂದು ನಂಜಕ್ಕನ ರಾಜನ ಮಗ್ಗುಲಲ್ಲಿ ಕೂತರೆ ಆಟ ಮುಗಿಯುತ್ತದೆ. ಒಂಟೆ ಛ ಆರರಲ್ಲಿದ್ದರೆ ಅವನನ್ನು ತಡೆಯುವವರೇ ಇಲ್ಲ. ಛ ಐದರಲ್ಲಿದ್ದರೆ ಅದು ಆ ದಾರಿಗೆ ಅಡ್ಡ ಕೂರುತ್ತದೆ.

ಪುಸ್ತಕದಲ್ಲಿ ಮುಂದಿನ ಸಾಲು: ಜವರಯ್ಯ ರಾಜನನ್ನು ಮಲಗಿಸಿದ. ರಾಜನನ್ನು ಮಲಗಿಸುವುದೆಂದರೆ ಸೋತೆ ಎಂದು ಒಪ್ಪಿಕೊಳ್ಳುವುದು.

ಇಂದ್ರಾಣಿ ಮೂರು ಮಧ್ಯಾಹ್ನ ಬೇರೆ ದಾರಿ ಹುಡುಕಿದಳು. ನಂಜಕ್ಕನ ಒಂದೊಂದು ಕಾಯಿಯನ್ನೂ ಸಲ್ಲುವ ಒಂದೊಂದು ಮನೆಗೂ ನಡೆಸಿ ನೋಡಿದಳು. ಎಲ್ಲಿಟ್ಟರೂ ಮಂತ್ರಿ ಇಳಿದು ಬರುತ್ತಿದ್ದ.

ಪುಸ್ತಕದ ಅಕ್ಷರವನ್ನು ಮತ್ತೆ ನೋಡಿದಳು. ಕೈ ನಡುಗಿರಲಿಲ್ಲ. ಐದು ಐದೇ ಆಗಿತ್ತು.

ಛ ಐದು ಸುಣ್ಣದ ಮನೆ. ಅವಳ ಬೆರಳಿಗೆ ಅದು ಗೊತ್ತಿತ್ತು. ಹಲಸಿನ ಒಂಟೆಯ ಬುಡದ ಬಿಳಿ ಉಂಗುರ ನೆನಪಾಯಿತು.

ಒಬ್ಬಾಕೆ ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಕೇಳಿದಳು. ಇಂದ್ರಾಣಿ ಐದು ಮಾಡಿಕೊಟ್ಟಳು.

ಆಮೇಲೆ ಕುಳಿತು ಯೋಚಿಸಿದಳು. ಅಮಾವಾಸ್ಯೆಯ ದಿನ ಇದನ್ನು ಜವರಯ್ಯನ ಮನೆಯ ಜನ ನೋಡುತ್ತಾರೆ. ಆಟ ಬಲ್ಲವನೊಬ್ಬ ಅಲ್ಲಿದ್ದರೆ ಸಾಕು. ನಾಳೆ ಊರೆಲ್ಲ ಮಾತಾಡುತ್ತದೆ. ಪುಸ್ತಕವೋ ಇನ್ನೆರಡು ವರ್ಷಕ್ಕೆ ಪುಡಿಯಾಗುತ್ತದೆ. ಉಳಿಯುವುದು ತಾನು ಬರೆದದ್ದು ಮಾತ್ರ.

ಐದಿದ್ದ ಕಡೆ ಆರು ಹಾಗೇ ಉಳಿಯಿತು.

*

ಅಮಾವಾಸ್ಯೆಗೆ ಮುಂಚಿನ ಭಾನುವಾರ ನಂಜಕ್ಕ ಆಟ ನೋಡಲು ಕುಳಿತರು. ಒಂದೊಂದೇ ನಡೆ ಒತ್ತಿದರು. ನಡುನಡುವೆ ನಕ್ಕರು. "ಇಲ್ಲಿ ನೋಡು, ಈ ಆನೆ ತಳ್ಳಿದಾಗ ಅವನಿಗೆ ಜ್ವರ. ಜ್ವರದಲ್ಲೂ ಎಷ್ಟು ಚೆನ್ನಾಗಿ ತಳ್ಳಿದಾನೆ, ಕಳ್ಳ."

ಮೂವತ್ತೊಂದಕ್ಕೆ ಬೆರಳು ನಿಂತಿತು.

'ಹಿಂದೆ' ಒತ್ತಿದರು. 'ಮುಂದೆ' ಒತ್ತಿದರು. ಮತ್ತೆ ಹಿಂದೆ. ಮತ್ತೆ ಮುಂದೆ.

"ಇದು ಹೀಗಿತ್ತಾ?"

"ಪುಸ್ತಕದಲ್ಲಿ ಇದ್ದ ಹಾಗೇ ಹಾಕಿದೀನಮ್ಮ."

ನಂಜಕ್ಕ ಪುಸ್ತಕ ಕೇಳಲಿಲ್ಲ. ಎದ್ದು ಹೋಗಿ ಕಾಯಿಗಳ ಬುಟ್ಟಿ ತಂದರು. ಹಾಸುಗಲ್ಲಿನ ಮೇಲೆ ಒಂದೊಂದಾಗಿ ಇಟ್ಟರು. ಪರದೆಯ ಕಡೆ ಒಮ್ಮೆಯೂ ನೋಡಲಿಲ್ಲ. ಕೊನೆಗೆ ಹಲಸಿನ ಒಂಟೆಯನ್ನು ಛ ಆರರಲ್ಲಿಟ್ಟರು.

"ಜವರನ ಜಾಗದಲ್ಲಿ ಕೂತ್ಕೊ."

ಇಂದ್ರಾಣಿ ಕುಳಿತಳು.

"ಆಡು."

"ಅಮ್ಮ..."

"ಆಡೇ."

ಇಂದ್ರಾಣಿ ಕರಿ ಮಂತ್ರಿಯನ್ನು ಎತ್ತಿ, ಓರೆದಾರಿಯಲ್ಲಿ ಇಳಿಸಿ, ರಾಜನ ಮಗ್ಗುಲಲ್ಲಿ ಇಟ್ಟಳು. ಆಟ ಮುಗಿಯಿತು.

"ಎಷ್ಟು ಹೊತ್ತು ಬೇಕಾಯ್ತು?"

"ಹೊತ್ತೇ ಬೇಕಾಗಲಿಲ್ಲ."

"ನೀನು ಕಲಿತು ಎಷ್ಟು ದಿನ?"

"ಎರಡು ವರ್ಷ."

"ಅವನು ನಲವತ್ತು ವರ್ಷ ಆಡಿದವನು. ನಿನ್ನ ಈ ಯಂತ್ರದಲ್ಲಿ ಅವನಿಗೆ ಇದು ಯಾಕೆ ಕಾಣಲಿಲ್ಲ?"

ಇಂದ್ರಾಣಿ ಮಂತ್ರಿಯನ್ನು ಎತ್ತಿ ಹಿಂದಿನ ಮನೆಯಲ್ಲೇ ಇಟ್ಟಳು.

"ನನ್ನ ಮಾನ ಉಳಿಸೋಕೆ ಹೋಗಿ ಅವನನ್ನ ಪೆದ್ದ ಮಾಡಿದೀಯ. ಅಮಾವಾಸ್ಯೆ ದಿನ ಅವನ ಎಡೆ ಮುಂದೇನೇ ಇಡ್ತೀಯಾ ಇದನ್ನ, ಅವನ ಮಗಳ ಕೈಯಲ್ಲಿ?"

ಆ ಮಾತು ಇಂದ್ರಾಣಿಗೆ ಹೊಳೆದೇ ಇರಲಿಲ್ಲ. ಮೂರು ದಿನ ಅವಳು ನೋಡಿದ್ದು ಹಳದಿ ಕಾಯಿಗಳನ್ನು ಮಾತ್ರ.

"ತಪ್ಪಾಯ್ತಮ್ಮ. ನಿಮ್ಮನ್ನ ಯಾರೂ ಒಂದು ಮಾತು ಅನ್ನಬಾರದು ಅಂತ."

"ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ."

ನಂಜಕ್ಕ ಒಂಟೆಯನ್ನು ಎತ್ತಿ ಬುಡ ಮೇಲೆ ಮಾಡಿ ಹಿಡಿದರು.

"ಅವತ್ತು ನಾನೇ ಬೆಳಿಗ್ಗೆ ಸುಣ್ಣ ಬಳಿದಿದ್ದೆ. ಇನ್ನೂ ಹಸಿ ಇತ್ತು. ಅವನು ಹರಿಗೋಲು ಹತ್ತಿ ಹೋದ. ನಾನು ಮಣೆ ನೋಡಿದೆ. ಸೋತಿದ್ದೆ. ಅವನ ಜೊತೆ ಆಡಿದ ಆರು ವರ್ಷದಲ್ಲಿ ಒಂದಾಟ ಸೋತಿರಲಿಲ್ಲ. ಎರಡು ದಿನ ಬಿಟ್ಟು ಸೇತುವೆ ತೆರೀತಾರೆ, ಇನ್ನು ಹರಿಗೋಲಿಲ್ಲ, ಇನ್ನು ಆಟ ಇಲ್ಲ. ಕೊನೆ ಆಟ ಸೋತೋಳು ಅನ್ನಿಸ್ಕೊಳೋಕೆ ನನ್ನ ಜಂಬಕ್ಕೆ ಆಗಲಿಲ್ಲ. ಅವನು ನಡುಹೊಳೇಲಿ ಇದ್ದ, ಬೆನ್ನು ಈ ಕಡೆ. ಒಂಟೇನ ಎತ್ತಿ ಛ ಐದರಲ್ಲಿ ಇಟ್ಟೆ."

"ಅವರು ನೋಡಲಿಲ್ವಾ?"

"ಬಂದ. ನಿಂತ. ಒಂಟೆ ನೋಡಿದ. ನನ್ನ ನೋಡಿದ. ನಾನು ಮಜ್ಜಿಗೆ ಲೋಟ ನೋಡ್ತಿದ್ದೆ. 'ಒಂಟೆಗೆ ಬಾಯಾರಿತ್ತೇನೋ ಅಕ್ಕೋರೆ, ಹೊಳೆ ಕಡೆ ಬಂದದೆ' ಅಂದ. ಅಂದು, ರಾಜನನ್ನ ಮಲಗಿಸಿದ. ಮಜ್ಜಿಗೆ ಕುಡಿದ. ಲೋಟ ತೊಳೆದಿಟ್ಟು ಹೋದ."

ನಂಜಕ್ಕನ ತುಟಿ ನಕ್ಕಂತೆ ಆಯಿತು, ಆದರೆ ನಗಲಿಲ್ಲ.

"ನಾಳೆ ಹೇಳ್ತೀನಿ ಅಂದ್ಕೊಂಡೆ. ನಾಳೆ ಅವನು ಬರಲಿಲ್ಲ, ಸೇತುವೆ ಬಂತು. ಸೇತುವೆ ದಾಟಿ ಹೋಗಿ ಹೇಳ್ತೀನಿ ಅಂದ್ಕೊಂಡೆ. ಚಳಿಗಾಲಕ್ಕೆ ಅವನೇ ಹೋದ."

ನಂಜಕ್ಕ ಒಂಟೆಯನ್ನು ಬುಟ್ಟಿಯಲ್ಲಿಟ್ಟರು.

"ಆದರೂ ಪುಸ್ತಕದಲ್ಲಿ ಐದು ಅಂತಲೇ ಬರೆದಿದೀರಿ," ಎಂದಳು ಇಂದ್ರಾಣಿ.

"ಒಂದು ಕೈ ಸುಳ್ಳಾಡಿದ ಮೇಲೆ ಇನ್ನೊಂದು ಕೈಯಾದರೂ ನಿಜ ಹೇಳಬೇಕಲ್ಲ. ಎರಡೂ ಕೆಟ್ಟರೆ ಊಟ ಯಾವುದರಲ್ಲಿ ಮಾಡೋದು? ಯಾರಾದರೂ ಒಬ್ಬರು ಒಂದೊಂದೇ ನಡೆ ನೋಡ್ತಾ ಬರ್ತಾರೆ ಅಂತ ಕಾಯ್ತಿದ್ದೆ. ನೀನು ಬಂದೆ. ಬಂದು ತಿದ್ದಿಬಿಟ್ಟೆ."

"ವಾಪಸ್ ಐದು ಮಾಡ್ತೀನಿ. ಆದರೆ ಅಮ್ಮ, ಇದು ಒಪ್ಪಲ್ಲ. ಸಲ್ಲದ ನಡೆ ಬಂದರೆ ನಿಲ್ಲು ಅಂತ ನಾನೇ ಕಟ್ಟಿದೀನಿ."

"ಕಟ್ಟಿದವಳು ನೀನೇ ತಾನೆ?"

"ಹೌದು."

"ಮತ್ತೆ ಬಾಗಿಲು ಇಡು."

*

ಬಾಗಿಲು ಇಡಲು ಎರಡು ಮಧ್ಯಾಹ್ನ ಹಿಡಿಯಿತು. ನಿಯಮಗಳನ್ನು ಕಿತ್ತುಹಾಕಿದರೆ ಸುಲಭವಿತ್ತು. ಇಂದ್ರಾಣಿ ಕೀಳಲಿಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದು ಪ್ರೋಗ್ರಾಂಗೆ ಮೊದಲಿನಂತೆಯೇ ಗೊತ್ತಿರಬೇಕು. ಗೊತ್ತಿದ್ದೂ, ಆಡಿದವರು ಆಡಿದ್ದನ್ನು ಆಡಿದಂತೆಯೇ ತೋರಿಸಬೇಕು. ಹಾಗೆ ಬರೆದಳು.

ರಾಜನನ್ನು ಮಲಗಿಸುವುದನ್ನೂ ಸೇರಿಸಿದಳು. ಮೊದಲು ಆಟದ ಕೊನೆಯಲ್ಲಿ 'ಹಳದಿ ಗೆಲುವು' ಎಂಬ ಸಾಲು ಬರುತ್ತಿತ್ತು. ಅದನ್ನು ಅಳಿಸಿದಳು. ಈಗ ಕರಿ ರಾಜ ನಿಧಾನವಾಗಿ ಪಕ್ಕಕ್ಕೆ ಒರಗುತ್ತಿದ್ದ, ಅಷ್ಟೇ.

ಫೋನಿನಲ್ಲಿ ನಂಜಕ್ಕನನ್ನು ಕೇಳಿದಳು.

"ಅಮ್ಮ, ಆ ನಡೆಗೆ ಕೆಂಪು ಬಳೀಲಾ? ನೋಡಿದವರಿಗೆ ಗೊತ್ತಾಗೋ ಹಾಗೆ?"

"ಬೇಡ. ಹೇಳಬೇಕಾದೋಳು ನಾನು. ಬಣ್ಣ ಅಲ್ಲ."

"ಮತ್ತೆ ನೀವು..."

"ಅಮಾವಾಸ್ಯೆ ದಿನ ಹತ್ತು ಗಂಟೆಗೆ ಬಾ. ಆಟೋ ಬೇಡ. ನಡೆದು ಹೋಗೋಣ."

*

ಸೇತುವೆಯ ಮೇಲೆ ನಂಜಕ್ಕ ಇಂದ್ರಾಣಿಯ ಕೈ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಮುಚ್ಚಳದ ಸ್ಟೀಲ್ ತಂಬಿಗೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನಡುವೆ ನಿಂತು ಕೆಳಗೆ ಇಣುಕಿದರು.

"ಇಷ್ಟೇ ದೂರನಾ?" ಎಂದರು.

"ಇಷ್ಟೇ, ಅಮ್ಮ."

"ಮೂವತ್ತೆರಡು ವರ್ಷ ಹಿಡೀತು ನೋಡು. ನನ್ನಷ್ಟು ನಿಧಾನ ಆಡೋರು ಯಾರೂ ಇಲ್ಲ."

ಚಿಕ್ಕತಾಯಮ್ಮ ಅಂಗಳದಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.

"ಅಕ್ಕೋರು ಬಂದವ್ರೆ," ಎಂದು ಒಳಗೆ ಕೂಗಿ ಹೇಳಿದಳು. ಆಮೇಲೆ, "ಕಾಲು?" ಎಂದಳು.

"ಹೋಯ್ತು ಕಣವ್ವ, ನೋವು. ಅರ್ಧ ಹೋಯ್ತು."

ನಡುಮನೆಯಲ್ಲಿ ಬಾಳೆಯೆಲೆ ಹಾಸಿ ಎಡೆ ಇಟ್ಟಿತ್ತು. ರಾಗಿಮುದ್ದೆ, ಮೀನಿನ ಸಾರು, ವಡೆ, ಎಲೆಅಡಿಕೆ, ಒಂದು ಕಟ್ಟು ಬೀಡಿ. ಎಲೆಯ ತುದಿಯಲ್ಲಿ ಕಳಸ. ಕಳಸದ ಪಕ್ಕ 'ಫೋಟೋ'ಗೆ ಅಂತ ಬಿಟ್ಟ ಖಾಲಿ ಜಾಗ. ಇಂದ್ರಾಣಿ ಅಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟಳು. ಮಣೆ ಮೂಡಿತು. ಕಾಯಿಗಳು ತಮ್ಮ ತಮ್ಮ ಮನೆಗಳಲ್ಲಿ ನಿಂತವು.

"ಮೀನಿನ ಸಾರು," ಎಂದರು ನಂಜಕ್ಕ, ಎಲೆಯಿಂದ ಒಂದು ಮಾರು ದೂರ ಕೂರುತ್ತ. "ಅದಕ್ಕೇ ನನ್ನ ಮಜ್ಜಿಗೆ ಅಂದ್ರೆ ಅಷ್ಟು ಆಸೆ ಪಡ್ತಿದ್ದ. ಹೊಟ್ಟೆ ಉರೀತಿತ್ತು, ಪಾಪ."

ಮನೆಯವರೆಲ್ಲ ನಕ್ಕರು. ಧೂಪ ಹಾಕಿದರು. ಚಿಕ್ಕತಾಯಮ್ಮ ಕೈಮುಗಿದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು 'ಮುಂದೆ' ಒತ್ತಿದಳು.

ಅವಳು ಆತುರಪಡಲಿಲ್ಲ. ಒಂದೊಂದು ಕರಿ ಕಾಯಿ ನಡೆದಾಗಲೂ ಕಾಯುತ್ತಿದ್ದಳು, ಯಾರೋ ದಡಕ್ಕೆ ಹೋಗಿ ಬರಲಿ ಎಂಬಂತೆ.

ಮೂವತ್ತೊಂದು ಬಂತು. ಹಳದಿ ಒಂಟೆ ಕಲ್ಲಿನ ಮನೆಯಿಂದ ಸುಣ್ಣದ ಮನೆಗೆ ಬಂದು ಕುಳಿತಿತು. ಅಲ್ಲಿ ಆಟ ಬಲ್ಲವರು ಯಾರೂ ಇರಲಿಲ್ಲ.

ಇಂದ್ರಾಣಿಗೆ ಅದು ಅರ್ಥವಾಯಿತು. ನಂಜಕ್ಕ ಸುಮ್ಮನಿದ್ದರೂ ನಡೆಯುತ್ತದೆ. ಯಾರಿಗೂ ತಿಳಿಯುವುದಿಲ್ಲ. ಅವಳು ಪರದೆ ಬಿಟ್ಟು ಗುರುವಿನ ಮುಖ ನೋಡಿದಳು.

ನಂಜಕ್ಕ ಒಂಟೆಯನ್ನು ನೋಡುತ್ತಿದ್ದರು.

ಚಿಕ್ಕತಾಯಮ್ಮ ಕೊನೆಯ ಸಲ ಒತ್ತಿದಳು. ಕರಿ ರಾಜ ನಿಧಾನವಾಗಿ ಪಕ್ಕಕ್ಕೆ ಒರಗಿದ.

"ಮಲಗಿಬಿಟ್ಟ," ಎಂದಳು ಚಿಕ್ಕತಾಯಮ್ಮ. ಕಣ್ಣು ಒರೆಸಿಕೊಂಡು ನಕ್ಕಳು. "ಇದೂ ಹೋಯ್ತಾ? ಅವ್ವ ಹೇಳಿದ್ದೇ ಸರಿ. ಅರವತ್ತೆರಡರಲ್ಲಿ ಒಂದೂ ಗೆಲ್ಲಲಿಲ್ವಾ ಅಕ್ಕೋರೆ, ನಮ್ಮಪ್ಪ?"

ನಂಜಕ್ಕ ತಂಬಿಗೆಯ ಮುಚ್ಚಳ ತೆಗೆದರು. ಲೋಟ ಕೇಳಿ ಇಸಿದುಕೊಂಡರು. ಮಜ್ಜಿಗೆಯನ್ನು ಲೋಟದ ತುಂಬ ಬಗ್ಗಿಸಿದರು. ಮಂಡಿಯೂರಿ ಮುಂದೆ ಸರಿದು, ಮೀನಿನ ಸಾರನ್ನೂ ಲೆಕ್ಕಿಸದೆ, ಲೋಟವನ್ನು ಎಡೆಯ ಎಲೆಯ ಮೇಲಿಟ್ಟರು.

"ಈ ಆಟ ಗೆದ್ದ ಕಣವ್ವ. ಗೆದ್ದು, ನಂಗೆ ಕೊಟ್ಟು ಹೋದ."